ಕಡಲ ವಿಹಾರ ಬೇಡವೆನ್ನಬೇಕೆ?

ಪ್ರಾಚೀನ ಲಾಕ್ಷಣಿಕರು ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಉಂಟು, ಜಲಕ್ರೀಡೆಯೂ ಉಂಟು. ತರಗತಿಯಲ್ಲಿ ಇವನ್ನು ವಿವರಿಸುವಾಗ ಉದಯಗಿರಿಯ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಂಬಾಡಿಯ ಹಿನ್ನೀರನ್ನೇ ಕಡಲೆಂದು ಊಹಿಸಿಕೊಂಡು ಕೇಳುತ್ತಾರೆ. ಆದ್ದರಿಂದ ಶಾಲೆಯ ಪ್ರವಾಸವು ಪಡುವಣ ಕರಾವಳಿಗೆ ಹೋಗಲೇಬೇಕೆಂಬುದು ನನ್ನ ಪಕ್ಷ.

ಆದರೆ 2024ರ ಡಿಸೆಂಬರಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನ ಪಾಲಾದರು. ಅದನ್ನು ನೆನೆದು ಪೋಷಕರು ಬೆಚ್ಚುವುದು ಸಹಜ. ಪ್ರವಾಸವನ್ನೇ ನಿಲ್ಲಿಸುವುದು ಸುಲಭ. ಅದರ ಕ್ರಮವನ್ನು ತಿದ್ದುವುದು ಕಷ್ಟ.

ಧರ್ಮಸ್ಥಳ, ಉಡುಪಿ, ಮಲ್ಪೆ, ಮುರುಡೇಶ್ವರ, ಗೋಕರ್ಣಗಳೆಲ್ಲವನ್ನೂ ಮೂರೇ ದಿನಗಳಲ್ಲಿ ಮುಗಿಸುವ ಆತುರವೇ ಮೊದಲ ದೋಷ. ಬಸ್ಸಿನಲ್ಲಿ ನಿದ್ದೆಗೆಟ್ಟ ಮಕ್ಕಳು ನೀರಿಗಿಳಿಯುತ್ತಾರೆ; ನಿದ್ದೆಗೆಟ್ಟ ಉಪಾಧ್ಯಾಯರು ದಡದಲ್ಲಿ ತಲೆ ಎಣಿಸುತ್ತಾರೆ. (ನಾನೂ ಎಣಿಸಿದವನೇ. ಒಮ್ಮೆ ಒಂದು ತಲೆ ಕಡಮೆಯಾಗಿ ಜೀವ ಬಾಯಿಗೆ ಬಂದಿತ್ತು. ಹುಡುಗನು ಚುರುಮುರಿ ಗಾಡಿಯ ಹಿಂದಿದ್ದನು.) ದಡಕ್ಕೆ ಬಡಿದ ನೀರು ಕಿರಿದಾದ ಹಾದಿಯಲ್ಲಿ ರಭಸದಿಂದ ಹಿಂದಿರುಗುತ್ತದೆ, ಅಲೆ ಮುರಿಯದೆ ಶಾಂತವಾಗಿ ತೋರುವ ಜಾಗವೇ ಹಲವೊಮ್ಮೆ ಆ ಸೆಳವಿನ ಹಾದಿ. ಸಿಕ್ಕಿದವರು ಅದಕ್ಕೆ ಎದುರಾಗಿ ಈಜದೆ, ದಡದ ಉದ್ದಕ್ಕೆ ಈಜಿ ಹೊರಬರಬೇಕು. ಹೊರಡುವ ಮುನ್ನ ಇದನ್ನು ಮಕ್ಕಳಿಗೆ ತಿಳಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಒಂದೇ ಕಡಲತೀರ ಸಾಕು. ಜೀವರಕ್ಷಕರಿರುವ ವೇಳೆಯಲ್ಲಿ, ಮೊಣಕಾಲುದ್ದದ ನೀರಿನಲ್ಲಿ, ಸಣ್ಣ ಸಣ್ಣ ತಂಡಗಳಾಗಿ ಮಕ್ಕಳು ಆಡಲಿ. ಉಳಿದ ಹೊತ್ತು ಮರಳಿನಲ್ಲಿ ಕುಳಿತು ಸೂರ್ಯಾಸ್ತವನ್ನು ನೋಡಲಿ. ಬಸ್ಸಿನ ಬಾಡಿಗೆಗೆ ನೆರವಾಗುವ ದಾನಿಗಳಲ್ಲಿ ನನ್ನದೊಂದು ಬಿನ್ನಹ: ಊರುಗಳನ್ನು ಹೆಚ್ಚಿಸಲು ಹಣ ಕೊಡಬೇಡಿರಿ, ಒಂದೇ ಊರಿನಲ್ಲಿ ಇನ್ನೊಂದು ರಾತ್ರಿ ತಂಗಲು ಕೊಡಿರಿ.