ಅಂಗಳದಡಿಯ ಹೊಣೆ

ಮನೆ ಕಟ್ಟಲು ಹೊರಟ ನಮ್ಮವರು ಶೌಚಾಲಯದ ಪೀಠವು ಕಿಬ್ಲಾದ ದಿಕ್ಕಿಗೆ ಬಾರದಂತೆ ಎಚ್ಚರ ವಹಿಸುತ್ತಾರೆ. ಬಟ್ಟೆಗೆ ಹನಿ ಸಿಡಿದರೆ ನಮಾಝ್ ಸಿಂಧುವಾದೀತೇ ಎಂದು ವಿದ್ವಾಂಸರಲ್ಲಿ ವಿಚಾರಿಸುತ್ತಾರೆ. ಇದು ಶ್ಲಾಘನೀಯವೇ. ಆದರೆ ಆ ಪೀಠದಿಂದ ಹೊರಟ ಮಲಿನ ನೀರು ಎಲ್ಲಿಗೆ ಹೋಗಿ ಸೇರುತ್ತದೆಂದು ಮೇಸ್ತ್ರಿಯನ್ನು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಸಂಡೂರು ತಾಲೂಕಿನ ಬಂಡ್ರಿಯಂತಹ ಊರುಗಳಲ್ಲಿ ಶೌಚದ ಹೊಲಸನ್ನು ಮನೆಯವರೇ ತಮ್ಮ ನಿವೇಶನದೊಳಗೆ ನಿಭಾಯಿಸಬೇಕಾಗುತ್ತದೆ. ಸಾಮಾನ್ಯವಾಗಿ ಆಗುವುದಿಷ್ಟು: ಆಳವಾದ ಗುಂಡಿ ತೋಡಿ, ತಳಕ್ಕೆ ಕಾಂಕ್ರೀಟ್ ಹಾಕದೆ, ಮೇಲೆ ಚಪ್ಪಡಿ ಎಳೆದು, ಅಂಗಳಕ್ಕೆ ಟೈಲ್ಸ್ ಹೊದಿಸಿಬಿಡುವುದು. ಇದಕ್ಕೇ ನಾವು ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟಿದ್ದೇವೆ. ಇಪ್ಪತ್ತು ವರ್ಷವಾದರೂ ತುಂಬಿಲ್ಲ ಎಂದು ಹೆಮ್ಮೆಪಡುವವರೂ ಇದ್ದಾರೆ. ತುಂಬಿಲ್ಲವೆಂದರೆ ಸೋರಿದೆ ಎಂದೇ ಅರ್ಥ. ಇದು ಗಟ್ಟಿಕಲ್ಲಿನ ನಾಡು. ಬಂಡೆಯ ಬಿರುಕು ಹಿಡಿದು ಇಳಿದ ನೀರು ನೆರೆಮನೆಯ ಕೊಳವೆಬಾವಿಯನ್ನು ತಲುಪಿದರೆ, ಆ ಮನೆಯ ಮಗುವಿನ ವಾಂತಿಭೇದಿಗೆ ಕಾರಣ ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಜನರ ದಾರಿ, ನೆರಳು ಮತ್ತು ನೀರಿನ ತಾಣಗಳನ್ನು ಹೊಲಸುಗೊಳಿಸುವುದರ ವಿರುದ್ಧ ಪ್ರವಾದಿ(ಸ)ಯವರು ನೀಡಿದ ಎಚ್ಚರಿಕೆಯು ನೆಲದಡಿಯ ನೀರಿಗೆ ಅನ್ವಯಿಸದೇ?

ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ಸೋರದ ತಳವೂ ಸೋರದ ಗೋಡೆಯೂ ಇರುತ್ತವೆ. ಘನವು ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಕರಗಿಸುತ್ತವೆ. ಮಧ್ಯದ ತಿಳಿ ಮಾತ್ರ ಹೊರಬಂದು ಇಂಗುಗುಂಡಿ ಸೇರಬೇಕು. ಆ ತಿಳಿಯಲ್ಲೂ ರೋಗಾಣುಗಳಿರುತ್ತವೆ. ಆದುದರಿಂದಲೇ ಅದನ್ನು ಬೀದಿಯ ಚರಂಡಿಗೆ ಬಿಡಕೂಡದು. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಚಿಕ್ಕ ನಿವೇಶನಗಳಲ್ಲಿ ಇದು ಕಷ್ಟವೆಂಬುದನ್ನು ನಾವು ಬಲ್ಲೆವು. ಅಂತಹ ಕಡೆ ನಾಲ್ಕಾರು ಮನೆಗಳು ಕೂಡಿ ಒಂದು ವ್ಯವಸ್ಥೆ ಮಾಡಿಕೊಳ್ಳಬಹುದು. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು. ಅದಕ್ಕೆ ಮುಚ್ಚಳವು ಟೈಲ್ಸಿನಡಿ ಹೂತುಹೋಗಿರಬಾರದು. ದಿನವೂ ಆ್ಯಸಿಡ್, ಫಿನಾಯಿಲ್ ಸುರಿದರೆ ಕೆಲಸ ಮಾಡಬೇಕಾದ ಸೂಕ್ಷ್ಮಜೀವಿಗಳೇ ಸಾಯುತ್ತವೆ.

ನಮ್ಮನ್ನು ಹೆಚ್ಚು ಕಾಡುವುದು ಬೇರೆ ವಿಷಯ. ಗುಂಡಿ ಕಟ್ಟಿಕೊಂಡ ರಾತ್ರಿ ನಾವು ಯಾರನ್ನು ಕರೆಯುತ್ತೇವೆ? ಒಳಗೆ ತುಂಬಿರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಇಳಿದವನನ್ನು ಕೆಲವೇ ಕ್ಷಣಗಳಲ್ಲಿ ಉರುಳಿಸಬಲ್ಲದು. ಎತ್ತಲು ಹೋದವನೂ ಅಲ್ಲೇ ಉಳಿಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಇಂತಹ ಸಾವಿಗೆ 10 ಲಕ್ಷ ಪರಿಹಾರವೆಂದು 2014ರಲ್ಲಿ ನಿಗದಿ ಮಾಡಿದ್ದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಬೇಕಾಯಿತು. ಮಲ ಹೊರುವ ಪದ್ಧತಿಯನ್ನು ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದ ರಾಜ್ಯವಿದು. ಆದರೂ ಒಮ್ಮೆ ನವಾಬರ ಊರಾಗಿದ್ದ ಸವಣೂರಿನಲ್ಲಿ 2010ರ ಜುಲೈಯಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನ್ಯಾಯ ಕೇಳಿದರು. ಜಾತಿಯನ್ನು ಒಪ್ಪೆವೆಂದು ವೇದಿಕೆಯಿಂದ ಸಾರುವ ನಾವು, ಗುಂಡಿ ತುಂಬಿದಾಗ ನಿರ್ದಿಷ್ಟ ಕೇರಿಯೊಂದರ ದಾರಿ ಹಿಡಿಯುವುದಾದರೆ ಆ ಸಾರುವಿಕೆಗೆ ಏನು ಬೆಲೆ?

ಸರಕಾರವೂ ನುಣುಚಿಕೊಳ್ಳುವಂತಿಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಶೌಚಾಲಯಗಳನ್ನು ಎಣಿಸಿ ಬೀಗಿತು; ಗುಂಡಿಯ ಹೂಳು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಹಿಂದುಳಿಯಿತು. ಸಕ್ಕಿಂಗ್ ಲಾರಿ ಹೀರಿದ್ದನ್ನು ಹಳ್ಳಕ್ಕೆ ಸುರಿದರೆ ಹೊಲಸು ಕೇವಲ ಮನೆ ಬದಲಿಸಿದಂತಾಯಿತು. ದೇವನಹಳ್ಳಿಯಲ್ಲಿ 2015ರಲ್ಲೇ ಮಲದ ಹೂಳನ್ನು ಸಂಸ್ಕರಿಸುವ ಘಟಕ ಆರಂಭಗೊಂಡಿದೆ. ಅದಿರಿನ ಸಂಪತ್ತುಳ್ಳ ಸಂಡೂರು ತಾಲೂಕಿನ ಊರೂರಿಗೂ ಅಂತಹ ಸೌಲಭ್ಯ ಸಿಗುವಂತೆ ಬಂಡ್ರಿಯವರು ಗ್ರಾಮಸಭೆಯಲ್ಲಿ ಒತ್ತಾಯಿಸಲಿ.

ಅದಕ್ಕೂ ಮೊದಲು ಮಸೀದಿ ಸಮಿತಿಗಳು ತಮ್ಮ ಶೌಚಾಲಯದ ಗುಂಡಿಯ ಮುಚ್ಚಳ ಎಲ್ಲಿದೆ, ಕೊನೆಯ ಬಾರಿ ತೆರೆದದ್ದು ಯಾವಾಗ ಎಂದು ನೋಡಲಿ. ಅನಂತರ ಮೊಹಲ್ಲಾದ ಮನೆಗಳ ಪಟ್ಟಿ ಮಾಡಿ, ಒಂದೇ ದಿನ ಲಾರಿ ಕರೆಸಿದರೆ ಬಾಡಿಗೆಯೂ ಹಂಚಿಹೋಗುತ್ತದೆ. ಕೊಡಲಾಗದ ಬಡ ಮನೆಯ ಪಾಲನ್ನು ಸಮಿತಿಯೇ ಭರಿಸಲಿ.