ಬೆನ್ನು ನಿಮ್ಮದು, ತೀರ್ಮಾನ ಯಾರದು?

ಸುದ್ದಗುಂಟೆಪಾಳ್ಯದ ಯಾವುದೇ ಪಿಜಿ ಮುಂದೆ ನಿಂತು "ಸೊಂಟನೋವು ಯಾರಿಗಿದೆ?" ಅಂತ ಕೂಗಿ ನೋಡಿ. ನಾಲ್ಕು ಜನ ಬಾಲ್ಕನಿಗೆ ಬರ್ತಾರೆ. ಅವರಲ್ಲಿ ಒಬ್ಬರ ಕೈಯಲ್ಲಾದರೂ ಎಂಆರ್‌ಐ ಕವರ್ ಇರುತ್ತೆ. "ಎಲ್4-ಎಲ್5 ಬಲ್ಜ್ ಅಂತೆ, ನರ ಒತ್ತಿಕೊಂಡಿದೆಯಂತೆ, ಆಪರೇಷನ್ ಮಾಡಿಸಿಬಿಡ್ಲಾ?" ಅಂತ ಕೇಳ್ತಾರೆ. ಕೇಳುವವರಿಗೆ ಉತ್ತರಕ್ಕೇನೂ ಬರವಿಲ್ಲ. ಟೀಮಿನಲ್ಲೊಬ್ಬ ಸರ್ಜನ್ ನಂಬರ್ ಕೊಡ್ತಾನೆ, ಇನ್ನೊಬ್ಬ ಕುರ್ಚಿಯ ಲಿಂಕ್ ಕಳಿಸ್ತಾನೆ, ಊರಿಂದ ಅಮ್ಮ ಫೋನ್ ಮಾಡಿ "ಬೆನ್ನಿಗೆ ಕತ್ತಿ ಹಾಕಿಸಿದ್ರೆ ಕಾಲೇ ಹೋಗುತ್ತೆ ಕಣಪ್ಪಾ" ಅಂತಾರೆ.

ನನ್ನ ತಕರಾರು ಈ ಸಲಹೆಗಾರರ ಮೇಲಲ್ಲ. ಕೊನೆಗೆ ತೀರ್ಮಾನ ಮಾಡೋದು ಇವರ್ಯಾರೂ ಅಲ್ಲ, ಬಹಳ ಸಲ ರೋಗಿಯೂ ಅಲ್ಲ. ಸ್ಕ್ಯಾನ್ ರಿಪೋರ್ಟು, ಇನ್ಶೂರೆನ್ಸ್ ಪಾಲಿಸಿ, ರಜೆಯ ಲೆಕ್ಕ, ಈ ಮೂರು ಕಾಗದಗಳು ಸೇರಿ ನಮ್ಮ ಬೆನ್ನಿನ ಹಣೆಬರಹ ಬರೀತಿವೆ. ಅದನ್ನು ನಾವು ಒಪ್ಪಿಕೊಂಡು ಕೂತಿದ್ದೇವಲ್ಲ, ಸಿಟ್ಟು ಬರೋದು ಅದಕ್ಕೆ.

ಮೊದಲು ರಿಪೋರ್ಟು. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2015ರಲ್ಲಿ ಅಮೆರಿಕದ ನ್ಯೂರೋರೇಡಿಯಾಲಜಿ ಪತ್ರಿಕೆಯಲ್ಲಿ ಬಂತು. ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 30 ಮಂದಿಗೆ, ಮೂವತ್ತರವರಲ್ಲಿ 40 ಮಂದಿಗೆ ಡಿಸ್ಕ್ ಬಲ್ಜ್ ಇತ್ತು. ಆರಾಮಾಗಿ ಓಡಾಡ್ಕೊಂಡಿದ್ದವರು ಇವರು. ಅಂದಮೇಲೆ "ಬಲ್ಜ್" ಅನ್ನೋ ಪದ ಕಂಡ ಕೂಡಲೇ ಬೆವರೋದು, ಲಾಗ್‌ನಲ್ಲಿ ವಾರ್ನಿಂಗ್ ಕಂಡಿತು ಅಂತ ಸರ್ವರ್ ಆರಿಸಿದ ಹಾಗೆ. ನಿಜವಾದ ಪರೀಕ್ಷೆ ಮೇಜಿನ ಮೇಲೆ ನಡೆಯುತ್ತೆ. ಡಾಕ್ಟರು ನಿಮ್ಮನ್ನು ಅಂಗಾತ ಮಲಗಿಸಿ ಕಾಲು ನೆಟ್ಟಗೆ ಎತ್ತಿ ನೋಡಬೇಕು. ಹಿಮ್ಮಡಿ ಮೇಲೆ, ತುದಿಗಾಲ ಮೇಲೆ ನಡೆಸಬೇಕು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಸುತ್ತಿಗೆಯಲ್ಲಿ ತಟ್ಟಬೇಕು. ನೋವು, ಜೋಮು, ಬಲಹೀನತೆ ಕಾಲಿನ ಯಾವ ಭಾಗದಲ್ಲಿದೆ ಅನ್ನೋದು ಸ್ಕ್ಯಾನ್ ತೋರಿಸುವ ನರಕ್ಕೆ ತಾಳೆಯಾದರೆ ಮಾತ್ರ ಆ ಚಿತ್ರಕ್ಕೆ ಅರ್ಥ. ನಿಮ್ಮ ಕಾಲು ಮುಟ್ಟದೆ ಬರೀ ಫಿಲ್ಮ್ ಬೆಳಕಿಗೆ ಹಿಡಿದು "ಬುಕ್ ಮಾಡಿ" ಅಂದವರ ಹತ್ತಿರ ಎರಡನೇ ಸಲ ಹೋಗಬೇಡಿ.

ಎರಡನೆಯದು ಪಾಲಿಸಿ. ನಮ್ಮ ಕಂಪನಿಗಳು ಕೊಡುವ ಗ್ರೂಪ್ ಇನ್ಶೂರೆನ್ಸ್ ಬಹುಪಾಲು ಆಸ್ಪತ್ರೆಗೆ ಅಡ್ಮಿಟ್ ಆದವರಿಗೆ. ಲಕ್ಷಗಟ್ಟಲೆ ಖರ್ಚಿನ ಆಪರೇಷನ್‌ಗೆ ಕ್ಯಾಶ್‌ಲೆಸ್ ಸಿಗುತ್ತೆ, ಹನ್ನೆರಡು ಸಲ ಫಿಸಿಯೋಥೆರಪಿಗೆ ಹೋಗಿ ಬಂದರೆ ಎಷ್ಟೋ ಪಾಲಿಸಿಗಳಲ್ಲಿ ಒಂದು ರೂಪಾಯಿಯೂ ಇಲ್ಲ. ದುಡ್ಡು ಯಾವ ಕಡೆ ಹರಿಯುತ್ತೋ ಜನ ಆ ಕಡೆ ನಡೀತಾರೆ. ವರ್ಷಕ್ಕೊಮ್ಮೆ ಜೂಮ್‌ನಲ್ಲಿ "ಸರಿಯಾಗಿ ಕೂತ್ಕೊಳ್ಳಿ" ಅಂತ ಪಾಠ ಮಾಡಿಸೋ ಎಚ್‌ಆರ್, ಆ ದುಡ್ಡಿನಲ್ಲಿ ಫಿಸಿಯೋ ಬಿಲ್ಲು ಕಟ್ಟಲಿ.

ಮೂರನೆಯದು ರಜೆ, ಅಂದರೆ ಸಮಯ. ಈ ಕಾಯಿಲೆಯಲ್ಲಿ ಸಮಯವೂ ಒಂದು ಔಷಧಿ. ಹೊರಬಂದ ಡಿಸ್ಕ್ ಎಷ್ಟೋ ಜನರಲ್ಲಿ ತಾನೇ ಕರಗಿ ಸಣ್ಣದಾಗುತ್ತೆ. ನೆದರ್ಲೆಂಡ್ಸ್‌ನಲ್ಲಿ 6ರಿಂದ 12 ವಾರ ತೀವ್ರ ಸಯಾಟಿಕಾ ಅನುಭವಿಸಿದ್ದ 283 ಜನರನ್ನು ಎರಡು ಗುಂಪು ಮಾಡಿದ್ದರು. 2007ರಲ್ಲಿ ಫಲಿತಾಂಶ ಬಂತು. ಬೇಗ ಆಪರೇಷನ್‌ಗೆ ಕಳಿಸಿದ ಗುಂಪು ಸುಮಾರು 4 ವಾರದಲ್ಲಿ ಚೇತರಿಸಿಕೊಂಡಿತು, ಕಾಯಲು ಹೇಳಿದ ಗುಂಪಿಗೆ ಸುಮಾರು 12 ವಾರ ಹಿಡಿಯಿತು. ಕಾಯುವ ಗುಂಪಿನಲ್ಲೂ ನೂರಕ್ಕೆ 39 ಮಂದಿ ಆಮೇಲೆ ಆಪರೇಷನ್ ಮಾಡಿಸಿಕೊಂಡರು. ಆದರೆ ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಲ್ಲಿ ನೂರಕ್ಕೆ 95 ಮಂದಿ ಸುಧಾರಿಸಿದ್ದರು.

ಈ ಅಂಕಿಗಳನ್ನು ಸರಿಯಾಗಿ ಓದಿ. ಆಪರೇಷನ್ ಬೇಡ ಅಂತ ಇದು ಹೇಳ್ತಿಲ್ಲ. ಬೇಗ ಆಪರೇಷನ್ ಮಾಡಿಸಿದರೆ ಸಿಗೋದು ಮುಖ್ಯವಾಗಿ ವೇಗ ಅಂತ ಹೇಳ್ತಿದೆ. ಹಾಗಾದರೆ ವೇಗ ಯಾರಿಗೆ ಬೇಕು? ಡೈರಿ ಸರ್ಕಲ್‌ನಲ್ಲಿ ಆಟೋ ಓಡಿಸೋನಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತೋನಿಗೆ. ಅವರಿಗೆ ಎಂಟು ವಾರ ಅಂದರೆ ಎರಡು ತಿಂಗಳ ಬಾಡಿಗೆ, ಮಕ್ಕಳ ಫೀಸು. ಆದರೆ ಇಲ್ಲಿ ನಡೀತಿರೋದೇ ತಿರುಗಾಮುರುಗಾ. ಮನೆಯಲ್ಲೇ ಮಲಗೆದ್ದು ಕೆಲಸ ಮಾಡೋ ಅನುಕೂಲ ಇರೋ ನಾವು ಮುಂದಿನ ರಿಲೀಸ್‌ಗೆ ಮುಂಚೆ ಮುಗಿದುಬಿಡ್ಲಿ ಅಂತ ಆಪರೇಷನ್‌ಗೆ ಓಡ್ತೀವಿ. ಕಾಯೋಕೆ ಆಗದ ಆಟೋದವನು ನೋವಿನ ಮಾತ್ರೆ ನುಂಗಿ ಕಾಯ್ತಾನೆ. ಅವನಿಗೆ ಮೊದಲು ಬೇಕಾದ್ದು ಹತ್ತಿರದ ನಿಮ್ಹಾನ್ಸ್, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಗಳಂಥ ಸರ್ಕಾರಿ ಜಾಗದಲ್ಲಿ ಬೇಗ ಸಿಗೋ ಸರದಿ.

ಕಾಯೋದು ಅಂದರೆ ಹಾಸಿಗೆ ಹಿಡಿಯೋದಲ್ಲ. ಉದ್ದಕ್ಕೂ ಮಲಗಿದ್ದರೆ ಬೆನ್ನು ಇನ್ನಷ್ಟು ಸೋಮಾರಿಯಾಗುತ್ತೆ. ಆದಷ್ಟು ನಡೆದಾಡಬೇಕು, ವ್ಯಾಯಾಮ ಕಲೀಬೇಕು. ಹಾಗಂತ ಸಿಕ್ಕಿದ್ದೆಲ್ಲ ನುಂಗಬೇಕಂತಿಲ್ಲ. ನರದ ನೋವು ಅಂದ ಕೂಡಲೇ ಬರೆದುಕೊಡೋ ಪ್ರೀಗಾಬಾಲಿನ್ ಮಾತ್ರೆ ಸಯಾಟಿಕಾದಲ್ಲಿ ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ ಅಂತ 2017ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರಗಳ ಆರಾಮ ಕೊಡುತ್ತೆ, ಅಷ್ಟೇ.

ಕಾಯೋದಕ್ಕೂ ಮಿತಿ ಇದೆ, ಊರಿನವರಿಗೆ ಹೇಳಬೇಕಾದ ಮಾತು ಇದು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳೋದು, ಉಳುಕು ತೆಗೆಸೋದು ನಮ್ಮೂರುಗಳಲ್ಲಿ ಇವತ್ತಿಗೂ ಇದೆ. ನರ ಒತ್ತಿಕೊಂಡ ಬೆನ್ನಿಗೆ ಒದೆತ ಬೇಕಿಲ್ಲ. ಆಪರೇಷನ್ ಅಂದರೆ ಕಾಲು ಹೋಗುತ್ತೆ ಅನ್ನೋ ಭಯವೂ ಅತಿಯಾಯ್ತು. ಅಪಾಯ ಇಲ್ಲವೆಂದಲ್ಲ, ಕೆಲವರಿಗೆ ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಹೊರಬರುತ್ತೆ. ಆದರೆ 4ರಿಂದ 12 ತಿಂಗಳಾದರೂ ಬಿಡದ ಕಾಲುನೋವಿನ 128 ಜನರ ಮೇಲೆ ಕೆನಡಾದಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ನಂತರ ನೋವು ಹೆಚ್ಚು ಇಳಿದಿದ್ದು ಆಪರೇಷನ್ ಗುಂಪಿನಲ್ಲೇ. ಇನ್ನೊಂದು ಮಾತು, ಈ ಆಪರೇಷನ್ ಕಾಲಿಗಿಳಿದ ನೋವಿಗೆ. ಬರೀ ಸೊಂಟನೋವಿಗೆ ಇದರಿಂದ ಅಷ್ಟು ಭರವಸೆ ಇಟ್ಟುಕೊಳ್ಳಬೇಡಿ.

ಕೆಲವು ಲಕ್ಷಣಕ್ಕೆ ಕಾಯೋ ಮಾತೇ ಇಲ್ಲ. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ-ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದೆ ನೆಲಕ್ಕೆ ಉಜ್ಜಿದರೆ, ಬಲ ದಿನೇ ದಿನೇ ಇಳಿದರೆ ಅವತ್ತೇ ಆಸ್ಪತ್ರೆ. ಆಗ ಮ್ಯಾನೇಜರ್‌ಗೆ ಮೇಲ್ ಆಮೇಲೆ ಹಾಕಿ, ಪಾಲಿಸಿ ಆಮೇಲೆ ಓದಿ.

ಇದ್ಯಾವುದೂ ಇಲ್ಲ ಅಂದರೆ ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ. ನನ್ನ ಕಾಲಿನ ನೋವು ಈ ಸ್ಕ್ಯಾನಿಗೆ ತಾಳೆಯಾಗುತ್ತಾ? ಆರು ವಾರ ಕಾದರೆ ಏನು ಕಳ್ಕೋತೀನಿ? ಈಗಲೇ ಮಾಡಿಸಿದರೆ ಏನು ಸಿಗುತ್ತೆ? ನಿಮ್ಮ ಕೆಲಸ ಏನು, ಎಷ್ಟು ಹೊತ್ತು ಕೂರ್ತೀರಿ, ಮನೆಯಲ್ಲಿ ಯಾರಿದ್ದಾರೆ ಅಂತ ತಿರುಗಿ ಕೇಳುವ ಡಾಕ್ಟರು ಸಿಕ್ಕರೆ, ಅವರು ಹೇಳಿದ್ದನ್ನು ಕೇಳಿ. ಅದು ಆಪರೇಷನ್ ಆಗಿದ್ದರೂ ಸರಿಯೇ.