ಊರಿಗೆ ಉಪಕಾರಿ, ಮನೆಗೆ ಮಾರಿ



ಹೋದ ತಿಂಗಳು ಕಮಲಾಪುರದ ನಮ್ಮ ಸಂಘದ ಸಭೆಗೆ ಒಂದು ಒಳಸಾಲದ ಅರ್ಜಿ ಬಂತು. ಕೇಳಿದವರು 12 ವರ್ಷದಿಂದ ಒಂದು ವಾರವೂ ಉಳಿತಾಯ ತಪ್ಪಿಸದ ಅಕ್ಕ. ಗಂಡ ಇಲ್ಲ. 2 ಎಕರೆ ತೊಗರಿ ಹೊಲ, ಬಾವಿಯ ಬದಿಗೆ ಒಂದಿಷ್ಟು ಕೆಂಪು ಬಾಳೆ, ಓದಿದ ಒಬ್ಬ ಮಗಳು. ಅರ್ಜಿಯಲ್ಲಿ ಕಾರಣ 'ಮನೆ ರಿಪೇರಿ' ಎಂದಿತ್ತು. ಪಕ್ಕದಲ್ಲೇ ಕೂತವರು ಸುಮ್ಮನಿರಲಿಲ್ಲ. "ಹೋದ ವರ್ಷ ತಗಡ ಹಾಕಿಸಿದಿ. ಈಗೆಲ್ಲಿ ಸೋರ್ತದ ನಿನ್ನ ಮನಿ?" ಎಂದರು. ಅಕ್ಕ ತಲೆ ತಗ್ಗಿಸಿದರು. ಆಮೇಲೆ ನಿಧಾನವಾಗಿ ಹೇಳಿದರು: "ಹುಡುಗ ಲಂಡನ್‌ದಾಗ ಅದಾನ್ರಿ ಅಕ್ಕೋರೆ. ಕಂಪ್ಯೂಟರ್ ಕೆಲಸ. 20 ತೊಲಿ ಕೇಳ್ಯಾರ. ಇನ್ನ ಯಾದಿ ಆಗಿಲ್ಲ."

ಲಂಡನ್ ಎಂಬ ಮಾತು ಬಿದ್ದದ್ದೇ ಸಭೆಯ ಬಣ್ಣ ಬದಲಾಯಿತು. ತಗಡಿನ ಮಾತು ತೆಗೆದವರೇ "ಲಂಡನ್ ಅಂದ್ರ 20 ತೊಲಿ ಹೆಚ್ಚಲ್ಲ ಬಿಡ್ರಿ" ಎಂದರು. ನಮ್ಮಲ್ಲಿ ಲಂಡನ್ ಅಷ್ಟೇನೂ ದೂರದ ಊರಲ್ಲ. ಡಾ. ನೀರಜ್ ಪಾಟೀಲರು 2010ರಲ್ಲಿ ಲಂಡನ್ನಿನ ಲ್ಯಾಂಬೆತ್ ಎಂಬ ಭಾಗಕ್ಕೆ ಮೇಯರ್ ಆದಾಗ ಕಲಬುರಗಿಯ ಚಹಾದಂಗಡಿಗಳಲ್ಲಿ ಅದೇ ಮಾತು. ಕಮಲಾಪುರದವರಂತೂ ಅವರನ್ನು ತಮ್ಮ ಮನೆ ಮಗನೆಂದೇ ಲೆಕ್ಕ ಹಿಡಿದಿದ್ದಾರೆ. 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯಲ್ಲಿ, ಅವರ ಓಡಾಟದಿಂದ ನಿಂತ ಬಸವಣ್ಣನ ಪ್ರತಿಮೆಯನ್ನು ನಮ್ಮ ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅದನ್ನು ನಾನೂ ಟಿ.ವಿ.ಯಲ್ಲಿ ಕಣ್ತುಂಬ ನೋಡಿದೆ. ಕಲ್ಯಾಣದಲ್ಲಿ ಹೆಣ್ಣುಮಕ್ಕಳನ್ನು ಸಭೆಗೆ ಕೂಡಿಸಿ ಮಾತಾಡಿಸಿದ ಬಸವಣ್ಣ ಆ ದೇಶದ ಸಂಸತ್ತಿನಿಂದ ಸ್ವಲ್ಪವೇ ದೂರದಲ್ಲಿ ನಿಂತಿದ್ದಾನೆಂದರೆ ಯಾರಿಗೆ ಹೆಮ್ಮೆಯಾಗುವುದಿಲ್ಲ?

ಆದರೆ ಆ ಸಂಸತ್ತಿನೊಳಗೆ ನಮ್ಮಂಥ ಮನೆಯ ಹುಡುಗಿಯರ ಬಗ್ಗೆ ಏನು ತೀರ್ಮಾನವಾಗಿದೆ ಎಂದು ನಾವು ಯಾರೂ ಕೇಳಿರಲಿಲ್ಲ. ಕೇಳಿರಲಿಲ್ಲ ಎಂದು ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆ ಅರ್ಜಿ ಬಂದ ಮೇಲೆಯೇ ನಾನು ಕೂತು ಓದಿದ್ದು. ಓದಿದಂತೆಲ್ಲ ನನ್ನವ್ವ ಆಡುತ್ತಿದ್ದ ಗಾದೆ ನೆನಪಾಗುತ್ತ ಹೋಯಿತು: ಊರಿಗೆ ಉಪಕಾರಿ, ಮನೆಗೆ ಮಾರಿ.

ಬಸವಣ್ಣನ ಪ್ರತಿಮೆ ನಿಂತಾಗ ಅಲ್ಲಿಯ ಪ್ರಧಾನಿ ಡೇವಿಡ್ ಕ್ಯಾಮರೂನ್. ಕನ್ಸರ್ವೇಟಿವ್ ಪಕ್ಷದವರು. 2010ರಿಂದ 2016ರವರೆಗೆ ಆಳಿದರು. ಹೊರದೇಶಗಳ ಹೆಣ್ಣುಮಕ್ಕಳ ಬಗ್ಗೆ ಅವರ ಸರಕಾರದ ಮಾತು ಕೇಳಿದರೆ ನಾವು ಚಪ್ಪಾಳೆ ಹೊಡೆಯಬೇಕು. 2014ರ ಜೂನ್‌ನಲ್ಲಿ ಯುದ್ಧದ ಹೊತ್ತಿನ ಅತ್ಯಾಚಾರದ ವಿರುದ್ಧ ಲಂಡನ್ನಿನಲ್ಲಿ ದೊಡ್ಡ ಜಾಗತಿಕ ಸಮ್ಮೇಳನ ಮಾಡಿದರು. ಮರು ತಿಂಗಳೇ ಬಾಲ್ಯವಿವಾಹ ನಿಲ್ಲಿಸಬೇಕೆಂದು ಇನ್ನೊಂದು ಸಮ್ಮೇಳನ. ದೇಶದ ಆದಾಯದಲ್ಲಿ ನೂರಕ್ಕೆ 0.7ರಷ್ಟನ್ನು ಬಡದೇಶಗಳ ನೆರವಿಗೆ ಇಡಬೇಕೆಂದು 2015ರಲ್ಲಿ ಕಾನೂನನ್ನೇ ತಂದರು. ಭಾರತಕ್ಕೆ ಹೊಸ ನೆರವಿನ ಹಣ ಕೊಡುವುದಿಲ್ಲ, ಇರುವುದನ್ನು 2015ರೊಳಗೆ ಮುಗಿಸುತ್ತೇವೆ ಎಂದು 2012ರಲ್ಲಿ ಹೇಳಿದ್ದೂ ಇದೇ ಸರಕಾರ. ನನಗೇನೂ ಅದರ ಬೇಸರವಿಲ್ಲ. ಇನ್ನೊಬ್ಬರು ನೀಡುವ ಕಾಳಿನ ಮೇಲೆ ಎಷ್ಟು ದಿನ ಸಂಸಾರ ಮಾಡುವುದು! ಹಾಗೆ ಹೇಳಿದ ಸಚಿವೆ ಜಸ್ಟಿನ್ ಗ್ರೀನಿಂಗ್. ಇದೇ ಗ್ರೀನಿಂಗ್ ಅವರ ವಿರುದ್ಧ 2017ರಲ್ಲಿ ಪಟ್ನಿ ಎಂಬ ಕ್ಷೇತ್ರದಲ್ಲಿ ನಿಂತು 1,554 ಮತಗಳಿಂದ ಸೋತವರು ನಮ್ಮ ನೀರಜ್ ಪಾಟೀಲರು. ಲೋಕ ಎಷ್ಟು ಸಣ್ಣದು ನೋಡಿರಿ.

ಇದು ಊರಿಗೆ ಮಾಡಿದ ಉಪಕಾರ. ಇನ್ನು ಮನೆಯ ಮಾತು.

ಖರ್ಚು ಉಳಿಸಬೇಕು ಎಂದು 2010ರಿಂದ ಆ ಸರಕಾರ ನಮ್ಮ ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಕತ್ತರಿ ಹಾಕುತ್ತ ಬಂತು. ಹೊಡೆತ ತಿಂದು ಮನೆ ಬಿಟ್ಟ ಹೆಂಗಸರು ಮಕ್ಕಳೊಂದಿಗೆ ತಂಗುವ ಆಶ್ರಯಧಾಮಗಳಿಗೆ ಹಣ ಬರುತ್ತಿದ್ದದ್ದು ಬಹುಪಾಲು ಇಂಥ ಸಂಸ್ಥೆಗಳಿಂದಲೇ. 2013ರ ಏಪ್ರಿಲ್‌ನಿಂದ ಕೌಟುಂಬಿಕ ವ್ಯಾಜ್ಯಗಳಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದು ಹೆಚ್ಚುಕಡಿಮೆ ನಿಂತಿತು. ಗಂಡ ಹೊಡೆದಿದ್ದಾನೆ ಎಂದರೆ ಕೊಡುತ್ತಿದ್ದರು, ಆದರೆ ಹಿಂದಿನ 2 ವರ್ಷದೊಳಗಿನ ಪುರಾವೆ ತರಬೇಕು! ಹೊಡೆತ ತಿಂದವಳು ರಶೀದಿ ಇಸಿದುಕೊಂಡಿರುತ್ತಾಳೆಯೇ? ಅಲ್ಲಿಯ ಹೆಂಗಸರು ಕೋರ್ಟಿಗೆ ಹೋದರು. ಆ 2 ವರ್ಷದ ನಿಯಮ ಊರ್ಜಿತವಲ್ಲ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು. ನಮ್ಮಲ್ಲಿ 1987ರ ಕಾನೂನಿನ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಣ್ಣುಮಗಳಿಗೆ ವಕೀಲರ ನೆರವು ಉಚಿತ. ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿದರಾಯಿತು. ಕೇಳುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಇನ್ನೊಂದನ್ನು ಸಂಘದವರು ಲಕ್ಷ್ಯಗೊಟ್ಟು ಓದಬೇಕು. 2012ರಲ್ಲಿ ಅವರು 'ಯೂನಿವರ್ಸಲ್ ಕ್ರೆಡಿಟ್' ಎಂಬ ಕಾನೂನು ಮಾಡಿದರು. ಬಡವರಿಗೆ ಬೇರೆ ಬೇರೆ ಬಾಬ್ತಿನಲ್ಲಿ ಬರುತ್ತಿದ್ದ ನೆರವನ್ನೆಲ್ಲ ಒಟ್ಟುಗೂಡಿಸಿ, ಇಡೀ ಮನೆಗೆ ತಿಂಗಳಿಗೊಂದೇ ಕಂತು ಮಾಡಿದರು. ಗಂಡ ಹೆಂಡತಿ ಇಬ್ಬರಿದ್ದರೆ ಸಾಮಾನ್ಯವಾಗಿ ಒಂದೇ ಖಾತೆಗೆ ಜಮಾ. ಯಾರ ಖಾತೆಗೆ? ಮನೆಯಲ್ಲಿ ಯಾರ ದನಿ ದೊಡ್ಡದೋ ಅವರ ಖಾತೆಗೆ. ಹೆಂಡತಿ ಬಸ್ಸಿನ ಹಣಕ್ಕೂ ಕೈಯೊಡ್ಡಬೇಕು ಎಂದು ಅಲ್ಲಿಯ ಮಹಿಳಾ ಸಂಘಟನೆಗಳು ಬೊಬ್ಬೆ ಹಾಕಿದವು. 2018ರಲ್ಲಿ ಅವರ ಸಂಸದೀಯ ಸಮಿತಿಯೇ ಈ ಅಪಾಯವನ್ನು ಎತ್ತಿ ತೋರಿಸಿತು. ಈ ಒಂದು ವಿಷಯದಲ್ಲಿ ನಮ್ಮ ಗೃಹಲಕ್ಷ್ಮಿ ವಾಸಿ. 2023ರಲ್ಲಿ ಶುರುವಾದಾಗಲೇ ಆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೆ ಎಂದು ಇಟ್ಟರು. ಆದರೆ ಎಟಿಎಂ ಕಾರ್ಡು ಯಾರ ಕಿಸೆಯಲ್ಲಿದೆ? ಸಭೆಯಲ್ಲಿ ನಾನು ಹೀಗೆ ಕೇಳಿದಾಗ 14 ಜನರಲ್ಲಿ 5 ಜನ ನಕ್ಕು ಸುಮ್ಮನಾದರು.

ಈ ಪಕ್ಷದ ಹಳೆಯ ಪ್ರಧಾನಿ ಮಾರ್ಗರೇಟ್ ಥ್ಯಾಚರ್ ಹೆಣ್ಣುಮಗಳು. ಕಿರಾಣಿ ಅಂಗಡಿಯವರ ಮಗಳು. 1979ರಿಂದ 1990ರವರೆಗೆ ಆಳಿದರು. ಆಗ ನಾವೆಲ್ಲ ಒಬ್ಬ ಹೆಂಗಸು ಇಂಗ್ಲೆಂಡನ್ನೇ ಆಳುತ್ತಾಳೆ ಎಂದು ಬೀಗಿದ್ದುಂಟು. 1987ರಲ್ಲಿ ಒಂದು ಮಹಿಳಾ ಪತ್ರಿಕೆಯೊಂದಿಗೆ ಮಾತಾಡುತ್ತ ಅವರು ಸಮಾಜ ಎಂಬುದೇ ಇಲ್ಲ, ಇರುವುದು ಗಂಡಸರು, ಹೆಂಗಸರು, ಕುಟುಂಬಗಳು ಎಂಬರ್ಥದ ಮಾತು ಹೇಳಿದರು. ಕುಟುಂಬದ ಒಳಗೇ ಕೊಲೆಯಾಗುವವಳು ಯಾರನ್ನು ಕೂಗಬೇಕು? ಕಿರಣ್‌ಜಿತ್ ಅಹ್ಲುವಾಲಿಯಾ ಎಂಬ ಪಂಜಾಬಿ ಹೆಣ್ಣುಮಗಳು ಅಲ್ಲಿ 10 ವರ್ಷ ಗಂಡನ ಹಿಂಸೆ ತಿಂದು, 1989ರಲ್ಲಿ ಅವನಿಗೆ ಬೆಂಕಿ ಹಚ್ಚಿ, ಜೀವಾವಧಿ ಶಿಕ್ಷೆಗೆ ಗುರಿಯಾದರು. ಅವರನ್ನು 1992ರಲ್ಲಿ ಹೊರತಂದದ್ದು ಸರಕಾರವೂ ಅಲ್ಲ, ಕುಟುಂಬವೂ ಅಲ್ಲ. 'ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್' ಎಂಬ ಹೆಂಗಸರ ಸಂಘ, ನಮ್ಮಂಥದ್ದೇ ಸಂಘ, ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿದ್ದರಿಂದ ಅವರು ಹೊರಬಂದರು.

ಈಗ ವೀಸಾ ಸಂಗತಿಗೆ ಬರೋಣ. 20 ತೊಲಿಯ ಲೆಕ್ಕ ಇರುವುದು ಇಲ್ಲೇ.

ಮದುವೆಯಾಗಿ ಗಂಡನ ಬೆನ್ನಿಗೆ ಇಂಗ್ಲೆಂಡಿಗೆ ಹೋಗುವ ಹುಡುಗಿ ಅಲ್ಲಿ ಕಾಲಿಟ್ಟ ದಿನದಿಂದ ಗಂಡನ ಹೆಸರಿನ ಮೇಲೆ ಇರುತ್ತಾಳೆ. 2012ರವರೆಗೆ, ಅಲ್ಲಿ ಖಾಯಂ ಆಗಿ ನೆಲೆಸಿದವನನ್ನು ಮದುವೆಯಾದವಳು 2 ವರ್ಷ ಕಳೆದ ಮೇಲೆ ತಾನೂ ಖಾಯಂ ಆಗಲು ಅರ್ಜಿ ಹಾಕಬಹುದಿತ್ತು. ಆಗ ಗೃಹಮಂತ್ರಿ ಥೆರೆಸಾ ಮೇ, ಮುಂದೆ 2016ರಲ್ಲಿ ಪ್ರಧಾನಿಯಾದವರು. 2012ರ ಜುಲೈನಲ್ಲಿ ಆ 2 ವರ್ಷವನ್ನು 5 ವರ್ಷ ಮಾಡಿದರು. ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ವರ್ಷಕ್ಕೆ 18,600 ಪೌಂಡ್ ಆದಾಯ ಇರಬೇಕೆಂದರು. 2024ರ ಏಪ್ರಿಲ್‌ನಲ್ಲಿ ಅದನ್ನು 29,000ಕ್ಕೆ ಏರಿಸಿದರು. ಈ ವರ್ಷಗಳಲ್ಲೆಲ್ಲ ಆ ಹುಡುಗಿಗೆ ಸರಕಾರದ ಧನಸಹಾಯ ಇಲ್ಲ ಎಂದು ವೀಸಾದಲ್ಲೇ ಬರೆದಿರುತ್ತದೆ. ಧನಸಹಾಯ ಇಲ್ಲ ಎಂದರೆ ಆಶ್ರಯಧಾಮದ ಬಾಡಿಗೆ ಕಟ್ಟುವವರೂ ಇಲ್ಲ. ರಾತ್ರಿ ಗಂಡ ಹೊರಗೆ ದಬ್ಬಿದರೆ ಅವಳು ಎಲ್ಲಿಗೆ ಹೋಗಬೇಕು? ಇಲ್ಲಾದರೆ ತವರಿಗೆ ಬಸ್ಸು ಹತ್ತಬಹುದು. "ನೀ ಹೇಳಿದಂಗ ಕೇಳದಿದ್ರ ವಾಪಸ್ ಕಳಿಸ್ತೀನಿ" ಎಂಬ ಒಂದು ಮಾತು ಅಲ್ಲಿ ಬೆತ್ತದ ಕೆಲಸ ಮಾಡುತ್ತದೆ. 2ನ್ನು 5 ಮಾಡಿದ ಸರಕಾರ ಆ ಬೆತ್ತವನ್ನು 3 ವರ್ಷ ಉದ್ದ ಮಾಡಿಕೊಟ್ಟಿತು. ನನಗೆ ಕಾಣುವುದು ಹೀಗೆ.

ಆ ದೇಶದಲ್ಲಿ ಒಳ್ಳೆಯ ಕಾನೂನೇ ಇಲ್ಲವೆಂದಲ್ಲ. ಇದೇ ಪಕ್ಷದ ಕಾಲದಲ್ಲಿ, 2015ರಲ್ಲಿ, ಹೊಡೆಯದೆಯೂ ಹೆಂಡತಿಯನ್ನು ಹದ್ದುಬಸ್ತಿನಲ್ಲಿಟ್ಟು ಕಾಡುವುದು ಅಪರಾಧವಾಯಿತು. 2021ರ ಕಾನೂನು ಹಣದ ಹಿಡಿತವನ್ನೂ ದೌರ್ಜನ್ಯವೆಂದು ಕರೆಯಿತು. 2017ರಲ್ಲಿ ಅಲ್ಲಿಯ ಕೌಟುಂಬಿಕ ನ್ಯಾಯಾಲಯಗಳ ನಿರ್ದೇಶನದಲ್ಲಿ ವರದಕ್ಷಿಣೆ ಹಿಂಸೆ ಎಂಬ ಮಾತು ಸೇರಿತು, ಹೆಂಡತಿಯನ್ನು ತವರುದೇಶದಲ್ಲಿ ಬಿಟ್ಟು ಓಡುವುದೂ ಸೇರಿತು. ನಮ್ಮ ರೋಗದ ಹೆಸರು ಅವರ ಕೋರ್ಟಿಗೂ ಮುಟ್ಟಿತಲ್ಲ ಎಂದು ನಾಚಿಕೆಪಡಬೇಕೋ, ಮುಟ್ಟಿದ್ದು ಒಳ್ಳೆಯದಾಯಿತು ಎನ್ನಬೇಕೋ! ಗಂಡನಾದರೂ ಬಲಾತ್ಕಾರ ಅತ್ಯಾಚಾರವೇ ಎಂದು ಅವರ ಅತ್ಯುನ್ನತ ನ್ಯಾಯಪೀಠ 1991ರಲ್ಲೇ ಹೇಳಿತು. ಅವರು 1860ರಲ್ಲಿ ನಮಗೆ ಬರೆದುಕೊಟ್ಟ ದಂಡಸಂಹಿತೆಯಲ್ಲಿ ಗಂಡನಿಗಿದ್ದ ವಿನಾಯಿತಿಯನ್ನು ಮಾತ್ರ ನಾವು ಜೋಪಾನ ಮಾಡಿಟ್ಟುಕೊಂಡು, 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಗೂ ದಾಟಿಸಿದ್ದೇವೆ. ಅವರನ್ನು ಬೈಯುವಾಗ ಇದೂ ನೆನಪಿರಲಿ.

ಆದರೆ ಈ ಒಳ್ಳೆಯ ಕಾನೂನಿನ ನೆರಳು ನಮ್ಮ ಹುಡುಗಿಯ ಮೇಲೆ ಎಷ್ಟು ಬೀಳುತ್ತದೆ? ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಯುರೋಪಿನ ದೇಶಗಳು ಇಸ್ತಾಂಬುಲ್ ಒಪ್ಪಂದ ಮಾಡಿಕೊಂಡಿವೆ. ಬ್ರಿಟನ್ ಅದಕ್ಕೆ 2012ರಲ್ಲಿ ಸಹಿ ಮಾಡಿ, ಸ್ಥಿರೀಕರಿಸಿದ್ದು 10 ವರ್ಷದ ಮೇಲೆ, 2022ರಲ್ಲಿ. ಆಗಲೂ 59ನೆಯ ಕಲಮು ತಮಗೆ ಅನ್ವಯಿಸದಂತೆ ಬರೆದುಕೊಂಡರು. ಗಂಡನ ವೀಸಾ ನೆಚ್ಚಿ ಬಂದ ಹೆಣ್ಣು ಹಿಂಸೆಯ ಕಾರಣ ಅವನನ್ನು ಬಿಟ್ಟರೆ, ಅವಳಿಗೆ ಅಲ್ಲಿರಲು ಸ್ವತಂತ್ರ ಪರವಾನಗಿ ಕೊಡಬೇಕು ಎನ್ನುವ ಕಲಮು ಅದು. ಇಡೀ ಒಪ್ಪಂದದಲ್ಲಿ ನಮ್ಮ ಹುಡುಗಿಗೆ ಬೇಕಾಗಿದ್ದದ್ದು ಅದೊಂದೇ.

ಸೌತಾಲಿನಂಥ ಸಂಘಟನೆಗಳು ಜಗಳವಾಡಿ ಒಂದೆರಡು ಕಿಂಡಿ ತೆರೆಸಿವೆ. ಗಂಡ ಅಲ್ಲಿಯ ನಾಗರಿಕ ಅಥವಾ ಖಾಯಂ ನಿವಾಸಿಯಾಗಿದ್ದು, ಹೆಂಡತಿ ಸಂಗಾತಿಯ ವೀಸಾದ ಮೇಲೆ ಹೋಗಿದ್ದರೆ, ಹಿಂಸೆಯಿಂದ ಮದುವೆ ಮುರಿದಾಗ ಅವಳು ತಾನೇ ಖಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಅಷ್ಟರತನಕ 3 ತಿಂಗಳ ಸಹಾಯಧನ ಕೇಳಬಹುದು. ಅಂಥವನು ಅವಳನ್ನು ಮೋಸದಿಂದ ಕಲಬುರಗಿಗೆ ಕರೆತಂದು ಬಿಟ್ಟುಹೋದರೆ, ಕೋರ್ಟಿನ ತೀರ್ಪೊಂದರ ನಂತರ, 2024ರಿಂದ ಇಲ್ಲಿಂದಲೇ ಅರ್ಜಿ ಹಾಕಬಹುದು. ಆದರೆ ಗಂಡನೇ ಕೆಲಸದ ವೀಸಾದ ಮೇಲೆ ಇದ್ದರೆ? ನಮ್ಮ ಕಡೆಯ ಕಂಪ್ಯೂಟರ್ ಹುಡುಗರು ಹೆಚ್ಚಾಗಿ ಹೋಗುವುದು ಹಾಗೆಯೇ. ಹೆಂಡತಿ ಅವನ ಅವಲಂಬಿತೆ. 2024ರ ಫೆಬ್ರವರಿಯಿಂದ ಅವಳೂ ಆ 3 ತಿಂಗಳ ಸಹಾಯ ಕೇಳಬಹುದು. ಖಾಯಂ ನಿವಾಸದ ಆ ದಾರಿ ಮಾತ್ರ ಅವಳಿಗಿಲ್ಲ. 3 ತಿಂಗಳು ಮುಗಿದ ಮೇಲೆ ಬೇರೆ ವೀಸಾ ಹುಡುಕಬೇಕು, ಇಲ್ಲವೇ ವಿಮಾನ ಹತ್ತಬೇಕು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಈ ತಿಂಗಳ ಸಭೆಗೆ ಹೋದೆ. ಅಕ್ಕನಿಗೆ ಒಂದೇ ಪ್ರಶ್ನೆ ಕೇಳಿದೆ: "ಹುಡುಗನ ವೀಸಾ ಯಾವುದು?" ಅವರಿಗೆ ಗೊತ್ತಿರಲಿಲ್ಲ. ಹುಡುಗ ಕುಡಿಯುವುದಿಲ್ಲ, ಅವರಿಗೆ ಇಷ್ಟು ಎಕರೆ ನೀರಾವರಿ, ಅತ್ತೆಗೆ ಸಕ್ಕರೆ ಕಾಯಿಲೆ, ಇದೆಲ್ಲ ಗೊತ್ತಿತ್ತು. ಮಗಳು ಯಾವ ಕಾಗದದ ಮೇಲೆ ಆ ದೇಶದಲ್ಲಿ ಉಳಿಯುತ್ತಾಳೆ ಎಂಬುದೊಂದು ಗೊತ್ತಿರಲಿಲ್ಲ.

ಸಾಲದ ಮಾತಿಗೆ ಜಗಳವೇ ಆಯಿತು. "ನಾವು ಕೊಡದಿದ್ರ ಫೈನಾನ್ಸಿನವರ ಹತ್ರ ಹೋಗ್ತಾಳ, ಹೊಲ ಹೋಗ್ತದ" ಎಂದರು ಒಬ್ಬರು. ಆ ಮಾತಿನಲ್ಲಿ ಸುಳ್ಳಿಲ್ಲ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 1961ರ ಕಾನೂನಿನಲ್ಲಿ ವರದಕ್ಷಿಣೆ ಕೊಡುವುದೂ ಅಪರಾಧ, ಗೊತ್ತಿದ್ದೂ ನಾವು ಸಾಲ ಕೊಟ್ಟರೆ ಸಂಘವೇ ಕೈಜೋಡಿಸಿದಂತೆ ಎಂದಷ್ಟೇ ಹೇಳಿದೆ. ಕೊನೆಗೆ 9 ಜನ ಬೇಡವೆಂದರು, 4 ಜನ ಕೊಡೋಣವೆಂದರು. ಅಕ್ಕ ಯಾವ ಕಡೆಗೂ ಕೈ ಎತ್ತಲಿಲ್ಲ. ಮಗಳ ಹೆಸರಿನಲ್ಲಿ ಪಾಸ್‌ಪೋರ್ಟಿಗೆ, ಇಂಗ್ಲಿಷ್ ಪರೀಕ್ಷೆಯ ಶುಲ್ಕಕ್ಕೆ ಬೇಕಾದರೆ ಸಾಲ ಕೊಡಬಹುದು ಎಂದು ಠರಾವು ಪುಸ್ತಕದಲ್ಲಿ ಬರೆದೆವು.

ಸಭೆ ಮುಗಿದು ಕಲಬುರಗಿಯ ಬಸ್ಸಿಗೆ ನಿಂತಿದ್ದೆ. ಆ ಹುಡುಗಿ ಹಿಂದೆಯೇ ಬಂದಳು. ನನ್ನ ಕೈಯಲ್ಲಿದ್ದ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಕೇಳಿದಳು: "ಅಕ್ಕೋರೆ, ಅಲ್ಲಿ ಹೋದ ಮ್ಯಾಲ ಪಾಸ್‌ಪೋರ್ಟ್ ಯಾರ ಹತ್ರ ಇರಬೇಕ್ರಿ?"

"ನಿನ್ನ ಹತ್ರನೇ ಇರಬೇಕವ್ವ. ಅತ್ತಿ ಕೇಳಿದ್ರೂ ಕೊಡಬ್ಯಾಡ" ಎಂದೆ.

ಅಂದು ಸಂಜೆಯೇ ಹುಡುಗನ ಮನೆಗೆ ಅವಳೇ ಫೋನು ಮಾಡಿ ವೀಸಾ ಯಾವುದೆಂದು ಕೇಳಿದಳಂತೆ. ಫೋನು ಎತ್ತಿದವರು ಅವನ ತಾಯಿ. "ಹೆಣ್ಮಕ್ಳಿಗ್ಯಾಕ ಅದೆಲ್ಲಾ, ಹಿರ್ಯಾರು ಮಾತಾಡ್ತಾರ" ಎಂದು ಇಟ್ಟರಂತೆ. ಹುಡುಗನಿಂದ ಉತ್ತರ ಇನ್ನೂ ಬಂದಿಲ್ಲ. ಯಾದಿಯ ದಿನವೂ ಗೊತ್ತಾಗಿಲ್ಲ.